ಶಾಲೆಯ ಕಂಪ್ಯೂಟರ್, ಮಕ್ಕಳ ಮಾಹಿತಿ: ಮಂಡ್ಯ ಸೀಮೆಯ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ದಾಖಲಾತಿ ಭರಾಟೆ ನಡೆಯುವಾಗ ನಮ್ಮ ತಾಲ್ಲೂಕು ಕೇಂದ್ರಗಳ ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಕಂಪ್ಯೂಟರಿನ ಪಕ್ಕ ಅಂಚು ಮಡಚಿಹೋದ ಒಂದು ನೋಟ್‌ಬುಕ್ ಕಾಣುತ್ತದೆ. ಒಂದು ಕಡೆ ಸುತ್ತಮುತ್ತಲ ಶಾಲೆಗಳ ಹೆಸರು, ಎದುರಿಗೆ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆಯ ಪೋರ್ಟಲ್) ಲಾಗಿನ್, ಯು-ಡೈಸ್ (ದೇಶದ ಶಾಲೆಗಳ ಮಾಹಿತಿ ಪೋರ್ಟಲ್) ಪಾಸ್‌ವರ್ಡ್, ಒಮ್ಮೊಮ್ಮೆ ಮುಖ್ಯ ಶಿಕ್ಷಕರ ಇ-ಮೇಲ್ ಪಾಸ್‌ವರ್ಡ್ ಕೂಡ. ಅಂಗಡಿಯ ಹುಡುಗನ ಮೇಲೆ ನನಗೆ ದೂರಿಲ್ಲ. ಶಾಲೆಯಲ್ಲಿ ನೆಟ್ ಬರುವುದಿಲ್ಲ, ಗುಮಾಸ್ತರಿಲ್ಲ, ನಾಳೆ ಸಂಜೆಯೊಳಗೆ ಎಂಟ್ರಿ ಮುಗಿಸಿ ಎಂದು ಮೇಲಿನಿಂದ ಸಂದೇಶ ಬಂದಿರುತ್ತದೆ. ಮೇಷ್ಟರಿಗೆ ಬೇರೆ ದಾರಿ ಕಾಣದು. ಆದರೆ ಆ ಪುಟದ ಒಂದೇ ಸಾಲು ಕೈಗೆ ಸಿಕ್ಕವನಿಗೆ ಒಂದು ಶಾಲೆಯ ಅಷ್ಟೂ ಮಕ್ಕಳ ಹುಟ್ಟಿದ ದಿನ, ಜಾತಿ, ವಿಳಾಸ, ತಂದೆ-ತಾಯಿಯ ವಿವರ ಎಲ್ಲವೂ ಕಾಣುತ್ತದೆ.

ಕಂಪ್ಯೂಟರ್ ಭದ್ರತೆ ಎಂದ ಕೂಡಲೇ ಕಪ್ಪು ಟೋಪಿ ಹಾಕಿದ ಹ್ಯಾಕರ್ ಒಬ್ಬನನ್ನು ಊಹಿಸಿಕೊಳ್ಳುತ್ತೇವೆ. ನಮ್ಮ ಶಾಲೆಗಳಲ್ಲಿ ಮಾಹಿತಿ ಸೋರುವುದು ಬಹುತೇಕ ಸಲುಗೆಯಿಂದ, ಅವಸರದಿಂದ, ‘ಪರವಾಗಿಲ್ಲ ಬಿಡಿ’ ಎನ್ನುವ ಮಾತಿನಿಂದ. ಆದ್ದರಿಂದ ಇಲ್ಲಿ ಹೇಳಿರುವ ಹೆಚ್ಚಿನ ಕೆಲಸಗಳಿಗೆ ದುಡ್ಡು ಬೇಕಿಲ್ಲ. ಎರಡು ಶನಿವಾರದ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಮುಕ್ಕಾಲು ಪಾಲು ಮುಗಿಯುತ್ತದೆ.

ಹೆಜ್ಜೆ 1: ಏನಿದೆ ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಶಾಲೆಯ ಯಂತ್ರಗಳು: ಲ್ಯಾಬಿನ ಕಂಪ್ಯೂಟರ್‌ಗಳು, ಕಚೇರಿಯ ಲ್ಯಾಪ್‌ಟಾಪ್, ಸ್ಮಾರ್ಟ್ ಬೋರ್ಡ್, ರೂಟರ್, ಸಿಸಿ ಟಿವಿಯ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ. ಇನ್ನೊಂದರಲ್ಲಿ ಖಾತೆಗಳು: ಸ್ಯಾಟ್ಸ್, ಯು-ಡೈಸ್, ದೀಕ್ಷಾ, ವಿದ್ಯಾರ್ಥಿವೇತನದ ಪೋರ್ಟಲ್, ಶಾಲೆಯ ಇ-ಮೇಲ್, ಬ್ಯಾಂಕ್, ವಾಟ್ಸ್ಆ್ಯಪ್ ಗುಂಪುಗಳು. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ: ಪಾಸ್‌ವರ್ಡ್ ಯಾರ್‍ಯಾರಿಗೆ ಗೊತ್ತು? ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಎರಡನೆಯ ಪ್ರಶ್ನೆಗೆ ‘ಹೋದ ವರ್ಷ ನಿವೃತ್ತರಾದ ಮೇಡಂ ಅವರ ನಂಬರಿಗೆ’ ಎನ್ನುವ ಉತ್ತರ ಬರುವ ಶಾಲೆಗಳು ಕಡಿಮೆಯೇನಿಲ್ಲ.

ಹೆಜ್ಜೆ 2: ಪಾಸ್‌ವರ್ಡ್

ಶಾಲೆಯ ಹೆಸರಿನ ಮುಂದೆ 123 ಸೇರಿಸಿದ್ದು ಪಾಸ್‌ವರ್ಡ್ ಅಲ್ಲ. ಯು-ಡೈಸ್‌ನಲ್ಲಿ ಶಾಲೆಗೆ ಕೊಟ್ಟಿರುವ ಡೈಸ್ ಕೋಡ್ ಕೂಡ ಅಲ್ಲ. 11 ಅಂಕಿಯ ಆ ಸಂಖ್ಯೆ ಶಾಲೆಯ ಗೋಡೆಯ ಮೇಲೇ ಬರೆದಿರುತ್ತದೆ, ಕರ್ನಾಟಕದ ಕೋಡ್‌ಗಳೆಲ್ಲ 29ರಿಂದಲೇ ಶುರುವಾಗುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ‘ಸೌದೆ ಕನ್ನಡಿ ಬುಗುರಿ ಸೋಬಾನೆ’ ಎನ್ನುವಂಥದ್ದು. (ಇದನ್ನೇ ಇಡಬೇಡಿ, ಓದಿದವರೆಲ್ಲರಿಗೂ ಗೊತ್ತಾಯಿತು.) ಅಂಕಿ, ಚಿಹ್ನೆ ಬೇಕೇ ಬೇಕು ಎಂದು ಪೋರ್ಟಲ್ ಹಟ ಹಿಡಿದರೆ ಪದಗಳ ನಡುವೆ ಸೇರಿಸಿ. ಉದ್ದವೇ ಬಲ. ಎಂಟು ಅಕ್ಷರದ ಚಮತ್ಕಾರಕ್ಕಿಂತ ಇಪ್ಪತ್ತು ಅಕ್ಷರದ ಸಾದಾ ಪದಗಳು ಗಟ್ಟಿ.

ಒಂದೊಂದು ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ನೆನಪಿನಲ್ಲಿ ಉಳಿಯದಿದ್ದರೆ ಪುಸ್ತಕದಲ್ಲಿ ಬರೆದು ಕಚೇರಿಯ ಬೀರುವಿನೊಳಗೆ ಬೀಗ ಹಾಕಿ ಇಡಿ. ಬರೆದಿಡುವುದು ಪಾಪ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಬೀರುವಿನ ಬೀಗ ಒಡೆಯುವವನು ಬಿಸಿಯೂಟದ ಕುಕ್ಕರಿಗೆ ಕೈ ಹಾಕುತ್ತಾನೆಯೇ ಹೊರತು ಯು-ಡೈಸ್ ಪಾಸ್‌ವರ್ಡಿಗಲ್ಲ. ಮಾನಿಟರಿಗೆ ಅಂಟಿಸಿದ ಹಳದಿ ಚೀಟಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಫೋಟೊ, ಇವು ಮಾತ್ರ ಬೇಡ.

ಶಾಲೆಯ ಇ-ಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡಿನ ಜೊತೆ ಮೊಬೈಲಿನಲ್ಲೂ ಖಚಿತಪಡಿಸಿಕೊಳ್ಳುವ ವ್ಯವಸ್ಥೆ) ಇವತ್ತೇ ಹಾಕಿ. ಬೇರೆ ಎಷ್ಟೋ ಪಾಸ್‌ವರ್ಡ್‌ಗಳನ್ನು ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಅದು ಹೋದರೆ ಉಳಿದವೂ ಹೋದ ಹಾಗೆ.

ಹೆಜ್ಜೆ 3: ಜೆರಾಕ್ಸ್ ಅಂಗಡಿಗೆ ಹೋಗಲೇಬೇಕಾದಾಗ

ಮೊದಲು ಹೋಗದೆ ಇರುವ ದಾರಿ ನೋಡಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಶಾಲೆಯ ಲ್ಯಾಪ್‌ಟಾಪಿನಲ್ಲೇ ಎಂಟ್ರಿ ಮಾಡಿ. ಫಾರಂ ತುಂಬುವುದಕ್ಕೆ ಖರ್ಚಾಗುವ ಡೇಟಾ ಬಹಳ ಕಡಿಮೆ. ಸಂಜೆಯ ಹೊತ್ತು ಸರ್ವರ್ ನಿಧಾನವಾದರೆ ಬೆಳಿಗ್ಗೆ ಬೇಗ ಪ್ರಯತ್ನಿಸಿ.

ಹೋಗಲೇಬೇಕಾದರೆ ನೀವೇ ಹೋಗಿ. ಅಡುಗೆಯವರ ಕೈಯಲ್ಲೋ ಏಳನೇ ತರಗತಿಯ ಹುಡುಗನ ಕೈಯಲ್ಲೋ ಪಾಸ್‌ವರ್ಡ್ ಚೀಟಿ ಕಳಿಸಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಕಂಟ್ರೋಲ್, ಶಿಫ್ಟ್, ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಕಪ್ಪಗಿನ ಇನ್‌ಕಾಗ್ನಿಟೊ ಕಿಟಕಿ ಬರುತ್ತದೆ. ಕೆಲಸವೆಲ್ಲ ಅದರಲ್ಲೇ ಆಗಲಿ. ಪಾಸ್‌ವರ್ಡನ್ನು ಬಾಯಲ್ಲಿ ಹೇಳದೆ ನೀವೇ ಟೈಪ್ ಮಾಡಿ, ಎಂಟ್ರಿಯನ್ನು ಬೇಕಾದರೆ ಹುಡುಗ ಮಾಡಲಿ, ನೀವು ಪಕ್ಕದಲ್ಲಿ ಕುಳಿತಿರಿ. ಮುಗಿದ ಮೇಲೆ ಲಾಗ್ ಔಟ್ ಆಗಿ ಕಿಟಕಿ ಮುಚ್ಚಿ. ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ನಿಮ್ಮ ಕಡತಗಳನ್ನು ಶಿಫ್ಟ್ ಮತ್ತು ಡಿಲೀಟ್ ಒತ್ತಿ ಅಳಿಸಿ. ಬರೀ ಡಿಲೀಟ್ ಒತ್ತಿದರೆ ಅವು ರೀಸೈಕಲ್ ಬಿನ್‌ನಲ್ಲಿ ಹಾಯಾಗಿ ಕುಳಿತಿರುತ್ತವೆ.

ಪ್ರಿಂಟ್ ತೆಗೆಸುವುದಕ್ಕೆ ಅಂಗಡಿಯ ವಾಟ್ಸ್ಆ್ಯಪ್‌ಗೆ ಮಕ್ಕಳ ಆಧಾರ್ ಪ್ರತಿ ಕಳಿಸುವುದು ಈಗ ಎಲ್ಲ ಕಡೆ ರೂಢಿ. ಆಮೇಲೆ ‘ಎಲ್ಲರಿಗೂ ಅಳಿಸಿ’ ಎಂದು ಒತ್ತಿದರೂ ಅಂಗಡಿಯ ಕಂಪ್ಯೂಟರಿಗೆ ಆಗಲೇ ಇಳಿದ ಪ್ರತಿ ಅಳಿಯುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಅಲ್ಲಿಂದಲೇ ನೇರ ಪ್ರಿಂಟ್ ಕೊಡಿಸಿ.

ಇನ್‌ಕಾಗ್ನಿಟೊ ಎಲ್ಲವನ್ನೂ ಕಾಯುತ್ತದೆ ಎಂದುಕೊಳ್ಳಬೇಡಿ. ಆ ಕಂಪ್ಯೂಟರಿನಲ್ಲಿ ಒತ್ತಿದ ಕೀಲಿಗಳನ್ನು ಕದ್ದು ದಾಖಲಿಸುವ ತಂತ್ರಾಂಶವಿದ್ದರೆ ಅದರ ಮುಂದೆ ಇನ್‌ಕಾಗ್ನಿಟೊ ಏನೂ ಮಾಡಲಾರದು. ಶಾಲೆಗೆ ಮರಳಿದ ಮೇಲೆ ನಿಮ್ಮ ಲ್ಯಾಪ್‌ಟಾಪಿನಿಂದ ಪಾಸ್‌ವರ್ಡ್ ಬದಲಿಸಿಬಿಡಿ. ನೋಟ್‌ಬುಕ್ಕಿನಲ್ಲಿ ನಿಮ್ಮ ಶಾಲೆಯ ಹಳೆಯ ಸಾಲು ಇದ್ದರೂ ಆಗ ಚಿಂತೆಯಿಲ್ಲ.

ಹೆಜ್ಜೆ 4: ಯಂತ್ರಗಳ ಆರೋಗ್ಯ

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದು ಯಾವ ವಿಂಡೋಸ್ ಇದೆ ಎಂದು ನೋಡಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ನಿಂತಿತು ಎಂದರೆ ಹೊಸದಾಗಿ ಕಂಡ ದೋಷಗಳಿಗೆ ಮಾಮೂಲಿನಂತೆ ತೇಪೆ (ಸರಿಪಡಿಸುವ ಅಪ್‌ಡೇಟ್) ಬರುವುದಿಲ್ಲ. ತೇಪೆಯ ಬೆಲೆ ಏನೆಂದು 2017ರ ಮೇ ತಿಂಗಳಲ್ಲಿ ಜಗತ್ತು ಕಂಡಿತು. ವಾನ್ನಾಕ್ರೈ ಎಂಬ ವೈರಸ್ ಕಡತಗಳಿಗೆ ಬೀಗ ಜಡಿದು ಹಣ ಕೇಳಿದಾಗ, ಅದು ನುಸುಳಿದ ದೋಷಕ್ಕೆ ಎರಡು ತಿಂಗಳ ಹಿಂದೆಯೇ ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಳೆಯ ಲ್ಯಾಬ್ ಯಂತ್ರಗಳು ವಿಂಡೋಸ್ 11 ಹೊರಲಾರವು. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಅಂಥವಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಬಗೆಯ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. ಎರಡೂ ಉಚಿತ, ಕನ್ನಡ ಟೈಪಿಂಗ್ ಬರುತ್ತದೆ, ಮೈಕ್ರೋಸಾಫ್ಟ್ ಆಫೀಸ್ ಬದಲಿಗೆ ಲಿಬ್ರೆ ಆಫೀಸ್ ಇದೆ. ಪಕ್ಕದ ಕೇರಳ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ವರ್ಷಗಳಿಂದ ನಡೆಸುತ್ತಿದೆ. ಒಂದೇ ತೊಡಕು: ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು ಅಲ್ಲಿ ಗಜಿಬಿಜಿ ಅಕ್ಷರಗಳಾಗಿ ಕಾಣಬಹುದು. ಬದಲಾಯಿಸುವ ಮೊದಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ನೂರಿನ್ನೂರು ರೂಪಾಯಿಗೆ ಅಂಗಡಿಯವರು ಹಾಕಿಕೊಡುವ ಕ್ರ್ಯಾಕ್ ಮಾಡಿದ ವಿಂಡೋಸ್, ಆಫೀಸ್ ಬೇಡ. ಅಂಥ ತಂತ್ರಾಂಶ ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಕೇಳುವುದು ಯಾಕೆಂದು ಯೋಚಿಸಿ. ನಕಲಿ ಎಂದು ಗೊತ್ತಿದ್ದೂ ಬಳಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಸಜೆಯಿದೆ. ಅದಕ್ಕಿಂತ ಹೆಚ್ಚಾಗಿ, ಪರೀಕ್ಷೆಯಲ್ಲಿ ನಕಲು ಮಾಡಬೇಡಿ ಎಂದು ಹೇಳುವ ಕೋಣೆಯಲ್ಲೇ ಕಳ್ಳಮಾಲು ಇಟ್ಟುಕೊಂಡರೆ ಮಕ್ಕಳು ಗಮನಿಸದೆ ಇರುತ್ತಾರೆಯೇ?

ಲ್ಯಾಬಿನ ಪ್ರತಿ ಕಂಪ್ಯೂಟರಿನಲ್ಲಿ ಎರಡು ಖಾತೆ ಮಾಡಿ. ಅಡ್ಮಿನಿಸ್ಟ್ರೇಟರ್ ಖಾತೆ ಶಿಕ್ಷಕರಿಗೆ, ಸ್ಟ್ಯಾಂಡರ್ಡ್ ಖಾತೆ ಮಕ್ಕಳಿಗೆ. ಇದೊಂದನ್ನು ಮಾಡಿದರೆ ಮಕ್ಕಳು ಇಳಿಸಿಕೊಳ್ಳುವ ಆಟಗಳೂ ಅವುಗಳ ಬೆನ್ನಿಗೆ ಬರುವ ವೈರಸ್‌ಗಳೂ ಬಹಳಷ್ಟು ನಿಲ್ಲುತ್ತವೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಶಾಲೆಗೆ ಸಾಕು. ಬೇರೆ ಆ್ಯಂಟಿವೈರಸ್‌ಗೆ ದುಡ್ಡು ಹಾಕುವುದಕ್ಕಿಂತ ಯುಪಿಎಸ್ ಬ್ಯಾಟರಿ ಬದಲಿಸಿ.

ಹೆಜ್ಜೆ 5: ಪೆನ್‌ಡ್ರೈವ್

ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಭೆಯಲ್ಲಿ ಒಂದೇ ಪೆನ್‌ಡ್ರೈವ್ ಹತ್ತು ಶಾಲೆಗಳ ಲ್ಯಾಪ್‌ಟಾಪಿಗೆ ಸುತ್ತುತ್ತದೆ. ಮನೆಗೆ ಬಂದು ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ, ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಗಾಬರಿಯಾಗಿ ಅದರ ಮೇಲೆ ಎರಡು ಸಲ ಒತ್ತುತ್ತೇವೆ. ವೈರಸ್ ಕಾಯುತ್ತಿದ್ದದ್ದೇ ಅದಕ್ಕೆ. ನಿಜವಾದ ಕಡತಗಳು ಸಾಮಾನ್ಯವಾಗಿ ಎಲ್ಲಿಗೂ ಹೋಗಿರುವುದಿಲ್ಲ, ಅಡಗಿರುತ್ತವೆ ಅಷ್ಟೆ.

ಬಾಣ ಕಂಡರೆ ಏನನ್ನೂ ತೆರೆಯಬೇಡಿ. ಪೆನ್‌ಡ್ರೈವ್ ಹೆಸರಿನ ಮೇಲೆ ಬಲಗುಂಡಿ ಒತ್ತಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಮತ್ತು ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎರಡಕ್ಕೂ ಗುರುತು ಹಾಕಿ. ಅಡಗಿದ್ದ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಬೇಕಾದ ದಾಖಲೆಗಳನ್ನಷ್ಟೇ ಕಂಪ್ಯೂಟರಿಗೆ ನಕಲಿಸಿಕೊಂಡು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಹಿಡನ್ ಐಟಮ್ಸ್ ಹಾಕಿದರೂ ಏನೂ ಕಾಣದಿದ್ದರೆ ಲಿನಕ್ಸ್ ಇರುವ ಕಂಪ್ಯೂಟರಿಗೆ ಚುಚ್ಚಿ ನೋಡಿ. ವಿಂಡೋಸಿನ ಹಿಡನ್ ಗುರುತನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವಿಂಡೋಸಿಗೆ ಬರೆದ ವೈರಸ್ಸೂ ಅಲ್ಲಿ ಓಡುವುದಿಲ್ಲ. ಚುಚ್ಚಿದ ಕೂಡಲೇ ಪೆನ್‌ಡ್ರೈವ್ ತಾನೇ ತೆರೆದುಕೊಳ್ಳುವ ಆಟೋಪ್ಲೇ ಸೌಲಭ್ಯವನ್ನು ಎಲ್ಲ ಯಂತ್ರಗಳಲ್ಲೂ ಆಫ್ ಮಾಡಿ.

ಇದರ ಮೊಬೈಲ್ ಅವತಾರವೂ ಬಂದಿದೆ: ವಾಟ್ಸ್ಆ್ಯಪ್‌ಗೆ ಬರುವ ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ರಸೀದಿ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಆಮಂತ್ರಣವಲ್ಲ, ಆ್ಯಪ್. ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ನಿಮ್ಮ ಒಟಿಪಿಗಳನ್ನು ಬೇರೆ ಯಾರೋ ಓದುತ್ತಾರೆ. ಕಳಿಸಿದವರು ಸಹೋದ್ಯೋಗಿಯೇ ಆಗಿದ್ದರೂ ಫೋನ್ ಮಾಡಿ ಕೇಳಿ. ಅವರ ಫೋನ್ ಆಗಲೇ ಕಳ್ಳರ ಕೈಯಲ್ಲಿರಬಹುದು.

ಹೆಜ್ಜೆ 6: ನೆಟ್, ಸ್ಮಾರ್ಟ್ ಬೋರ್ಡ್, ಕ್ಯಾಮೆರಾ

ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ವೈ-ಫೈ ಪಾಸ್‌ವರ್ಡನ್ನೂ ಬದಲಿಸಿ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಎನ್ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಎಂಬ ಜಾಗದಲ್ಲಿ 1.1.1.3 ಮತ್ತು 1.0.0.3 ಎಂದು ಹಾಕಿದರೆ ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ ಅಶ್ಲೀಲ ತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಪೂರ್ತಿ ಅಲ್ಲ, ಜಾಣ ಹುಡುಗರು ದಾರಿ ಹುಡುಕುತ್ತಾರೆ. ಪರದೆಗಳೆಲ್ಲ ಶಿಕ್ಷಕರ ಮೇಜಿನಿಂದ ಕಾಣುವಂತೆ ಲ್ಯಾಬಿನ ಮೇಜುಗಳನ್ನು ತಿರುಗಿಸುವುದು ಯಾವ ಫಿಲ್ಟರಿಗಿಂತಲೂ ಮೇಲು.

ಸ್ಮಾರ್ಟ್ ಬೋರ್ಡಿನಲ್ಲಿ ಸ್ವಂತ ಗೂಗಲ್ ಖಾತೆಗೆ ಲಾಗಿನ್ ಆಗಬೇಡಿ. ವಿಜ್ಞಾನದ ವಿಡಿಯೊ ತೋರಿಸಲು ಹೋದಾಗ ನಿಮ್ಮ ಹುಡುಕಾಟದ ಇತಿಹಾಸ, ಮನೆಯ ಫೋಟೊ ಎಲ್ಲ ನಲವತ್ತು ಮಕ್ಕಳ ಮುಂದೆ ತೆರೆದುಕೊಳ್ಳುತ್ತದೆ. ಕ್ರೋಮ್‌ನ ಗೆಸ್ಟ್ ಮೋಡ್ ಬಳಸಿ. ಶಾಲೆಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದಿದ್ದರೆ ಮೊಬೈಲಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅದನ್ನು ಕಡಿದುಹಾಕಿ. ಎದ್ದು ಹೋಗುವಾಗ ವಿಂಡೋಸ್ ಕೀಲಿ ಮತ್ತು ಎಲ್ ಒತ್ತಿ, ಪರದೆಗೆ ಬೀಗ ಬೀಳುತ್ತದೆ.

ಡಿವಿಆರ್ ಪೆಟ್ಟಿಗೆಗೆ ಕಂಪನಿ ಕೊಟ್ಟ ಪಾಸ್‌ವರ್ಡೇ ಉಳಿದಿದ್ದರೆ, ಅದು ನೆಟ್‌ಗೆ ಸೇರಿದ್ದರೆ, ನಿಮ್ಮ ಶಾಲೆಯ ಅಂಗಳವನ್ನು ಯಾರು ಬೇಕಾದರೂ ನೋಡಬಹುದು. ಕ್ಯಾಮೆರಾ ಹಾಕಿದವರ ಬಳಿಯೇ ಬದಲಿಸಿಕೊಡಿ ಎಂದು ಹಟ ಹಿಡಿಯಿರಿ.

ಹೆಜ್ಜೆ 7: ನಕಲು ಪ್ರತಿ

ಸೆಸ್ಕ್ ವಿದ್ಯುತ್ ಯಾವಾಗ ಹೋಗುತ್ತದೆ, ಹಾರ್ಡ್ ಡಿಸ್ಕ್ ಯಾವಾಗ ಕೈಕೊಡುತ್ತದೆ ಎಂದು ಹೇಳುವವರಿಲ್ಲ. ಮುಖ್ಯ ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಶಾಲೆಯ ಹೊರಗೆ. ಪ್ರತಿ ಇಡುವ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಕಳಚಿ. ಚುಚ್ಚಿಯೇ ಬಿಟ್ಟರೆ ವಾನ್ನಾಕ್ರೈನಂಥದ್ದು ಅದಕ್ಕೂ ಬೀಗ ಹಾಕುತ್ತದೆ.

ಹೆಜ್ಜೆ 8: ಮಕ್ಕಳ ಫೋಟೊ, ಆಧಾರ್, ಅಂಕ

ಇಲ್ಲಿಯವರೆಗಿನದು ಯಂತ್ರದ ಮಾತು. ಈ ಹೆಜ್ಜೆ ನಮ್ಮ ಅಭ್ಯಾಸಗಳ ಮಾತಾದ್ದರಿಂದ ಹೆಚ್ಚು ಕಷ್ಟ.

ಪ್ರತಿಭಾ ಕಾರಂಜಿಯಲ್ಲಿ ಗೆದ್ದ ಮಗುವಿನ ಫೋಟೊವನ್ನು ಹೆಸರು, ತರಗತಿ, ಊರಿನ ಸಮೇತ ಸ್ಟೇಟಸ್‌ಗೆ ಹಾಕುತ್ತೇವೆ. ಅಭಿಮಾನದಿಂದಲೇ ಹಾಕುತ್ತೇವೆ. ಆದರೆ ಆ ಮಗು ಯಾವ ಶಾಲೆಯಿಂದ ಯಾವ ಊರಿಗೆ ನಡೆದುಹೋಗುತ್ತದೆ ಎಂದು ಅಪರಿಚಿತನಿಗೂ ತಿಳಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಅದರ 9ನೇ ಸೆಕ್ಷನ್. ಕಾಯ್ದೆ ಹಂತ ಹಂತವಾಗಿ ಜಾರಿಯಾಗುತ್ತಿದೆ, ನಾವು ಅದಕ್ಕಾಗಿ ಕಾಯಬೇಕಿಲ್ಲ. ದಾಖಲಾತಿ ಅರ್ಜಿಯ ಜೊತೆ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಸೇರಿಸಿ: ಫೋಟೊ ಎಲ್ಲಿ ಹಾಕುತ್ತೇವೆ, ಬೇಡವೆಂದರೆ ಯಾರಿಗೆ ಹೇಳಬೇಕು. ಪೋಷಕರ ಸಭೆಯಲ್ಲಿ ಅದನ್ನು ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಳ್ಳಿ. ‘ಬೇಡ’ ಎನ್ನುವ ಪೋಷಕರನ್ನು ಒಂದು ಥರಾ ನೋಡಬೇಡಿ. ಗುಂಪು ಫೋಟೊ ಹಾಕಿ, ಹೆಸರು ಬಿಡಿ.

ಎಸ್ಎಸ್ಎಲ್‌ಸಿ ಫಲಿತಾಂಶ ನೋಡಲು ನೋಂದಣಿ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಸಾಕು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಗುಂಪಿಗೆ ಹಾಕಿದರೆ ಫೇಲಾದ ಮಗುವಿನ ಅಂಕ ಮನೆಯವರಿಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ. ಇನ್ನು ಆಧಾರ್: ಶಾಲೆಗೆ ಸೇರಿಸಿಕೊಳ್ಳಲು ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ತೆಗೆದುಕೊಂಡ ಪ್ರತಿಗಳು ಬೀಗದೊಳಗಿರಲಿ. ಎಲ್ಲಿ ಕೊನೆಯ ನಾಲ್ಕು ಅಂಕಿ ಸಾಕೋ ಅಲ್ಲಿ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿ ಕೊಡಿ.

‘ಶಿಕ್ಷಣ ಇಲಾಖೆಯಿಂದ, ನಿಮ್ಮ ಮಗನಿಗೆ ವಿದ್ಯಾರ್ಥಿವೇತನ ಬಂದಿದೆ, ಒಟಿಪಿ ಹೇಳಿ’ ಎನ್ನುವ ಕರೆ ನಂಬುವಂತಿರುವುದು ಕರೆ ಮಾಡಿದವನಿಗೆ ಮಗುವಿನ ಹೆಸರು, ತರಗತಿ ಗೊತ್ತಿರುವುದರಿಂದ. ಅವು ಅವನಿಗೆ ಎಲ್ಲಿಂದ ಸಿಕ್ಕವು ಎನ್ನುವುದಕ್ಕೆ ಮೇಲಿನ ಸಾಲುಗಳೇ ಉತ್ತರ.

ಹೆಜ್ಜೆ 9: ಮಕ್ಕಳಿಗೆ ಕಲಿಸಬೇಕಾದ್ದು

ಹತ್ತು ನಿಯಮದ ಫ್ಲೆಕ್ಸ್ ಗೋಡೆಗೆ ಹಾಕಿದರೆ ಯಾರೂ ಓದುವುದಿಲ್ಲ. ಮಕ್ಕಳ ಕೈಯಲ್ಲೇ ನಾಲ್ಕು ನಿಯಮ ಬರೆಸಿ. ಯಾರು ಯಾವ ಕಂಪ್ಯೂಟರಿನಲ್ಲಿ ಕುಳಿತರು ಎನ್ನುವ ರಿಜಿಸ್ಟರನ್ನೂ ಅವರೇ ಬರೆಯಲಿ.

ಪ್ರತಿ ಶಾಲೆಯಲ್ಲೂ ಶಿಕ್ಷಕರ ಪಾಸ್‌ವರ್ಡ್ ಊಹಿಸಿಬಿಡುವ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಅನುಮತಿಯಿಲ್ಲದೆ ದುರುದ್ದೇಶದಿಂದ ಕಂಪ್ಯೂಟರಿಗೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಸೆಕ್ಷನ್ ಪ್ರಕಾರ ಅಪರಾಧ, 3 ವರ್ಷದವರೆಗೆ ಶಿಕ್ಷೆಯಿದೆ ಎಂದು ಅವರಿಗೆ ತಿಳಿಸಿ. ಆದರೆ ಅಸೆಂಬ್ಲಿಯಲ್ಲಿ ನಿಲ್ಲಿಸಿ ಬೈಯಬೇಡಿ. ಒಪ್ಪಂದ ಮಾಡಿಕೊಳ್ಳಿ: ತಪ್ಪು ಕಂಡರೆ ಮುಟ್ಟದೆ, ಗೆಳೆಯರಿಗೆ ಹೇಳದೆ, ಮೊದಲು ನನ್ನ ಬಳಿ ಬಾ. ಲ್ಯಾಬಿನ ಅಪ್‌ಡೇಟ್ ನೋಡಿಕೊಳ್ಳುವ ಕೆಲಸ ಅವರಿಗೇ ಕೊಡಿ, ನಿಮ್ಮ ಕಣ್ಣೆದುರಿಗೆ. ಆ ಕುತೂಹಲ ದಂಡಿಸುವಂಥದ್ದಲ್ಲ.

ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬಂದರೆ, ಚಾಟ್‌ಜಿಪಿಟಿಯ ನಿಯಮದಂತೆ 13 ತುಂಬದವರು ಅದನ್ನು ಬಳಸುವಂತಿಲ್ಲ, 18ರವರೆಗೆ ಪೋಷಕರ ಅನುಮತಿ ಬೇಕು. ಪ್ರೌಢಶಾಲೆಯಲ್ಲಿ ಹೀಗೊಂದು ಪಾಠ ಮಾಡಿ. ಶಿವಪುರ ಧ್ವಜ ಸತ್ಯಾಗ್ರಹದ ಬಗ್ಗೆ ಒಂದು ಪುಟ ಬರೆಯಲು ಶಿಕ್ಷಕರ ಖಾತೆಯಿಂದಲೇ ಕೇಳಿ, ಪ್ರಿಂಟ್ ತೆಗೆದು ಹಂಚಿ. ಪ್ರತಿ ಇಸವಿ, ಪ್ರತಿ ಹೆಸರಿನ ಕೆಳಗೆ ಮಕ್ಕಳು ಗೆರೆ ಎಳೆದು ಪಠ್ಯಪುಸ್ತಕ, ಗ್ರಂಥಾಲಯದ ಪುಸ್ತಕಗಳೊಂದಿಗೆ ತಾಳೆ ನೋಡಲಿ. ಶಿವಪುರದ್ದು 1938ರ ಏಪ್ರಿಲ್; ಗೋಲಿಬಾರ್ ನಡೆದ ವಿದುರಾಶ್ವತ್ಥದ ಘಟನೆಯೂ ಅದೇ ತಿಂಗಳಿನದು. ಯಂತ್ರ ಇವೆರಡನ್ನು ಬೆರೆಸಿದೆಯೇ? ಮದ್ದೂರು ತಾಲ್ಲೂಕಿನ ಮಕ್ಕಳಾದರೆ ಸತ್ಯಾಗ್ರಹ ಸೌಧಕ್ಕೇ ಹೋಗಿ ನೋಡಿ ಬರಬಹುದು. ನಂಬದೆ ಬಳಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ತರಗತಿ ನನಗೆ ತೋಚಿಲ್ಲ.

ಹೆಜ್ಜೆ 10: ಏನಾದರೂ ಆದಾಗ

ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಹೇಳಿದರೆ ಹಣ ಮುಂದೆ ಸಾಗದಂತೆ ತಡೆಯುವ ಅವಕಾಶ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಕೊಡಬಹುದು. ಮಂಡ್ಯ, ಮೈಸೂರು ಎರಡೂ ಕಡೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿ.ಇ.ಎನ್. ಪೊಲೀಸ್ ಠಾಣೆಗಳಿವೆ. ಬೆದರಿಕೆ, ಅವಹೇಳನದ ಸಂದೇಶವಾದರೆ ದಿನಾಂಕ, ಸಮಯ, ಕಳಿಸಿದವರ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮೂಲ ಸಂದೇಶ ಅಳಿಸಬೇಡಿ.

ಮಗುವಿನ ನಗ್ನ ಚಿತ್ರ, ಮುಖ ಜೋಡಿಸಿದ ಚಿತ್ರ ಹರಿದಾಡುತ್ತಿದ್ದರೆ ನಿಯಮ ತಿರುವುಮುರುವು. ‘ಸಾಕ್ಷಿಗೆ ಇರಲಿ’ ಎಂದು ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ, ಮುಖ್ಯ ಶಿಕ್ಷಕರಿಗೂ ಫಾರ್ವರ್ಡ್ ಮಾಡಬೇಡಿ. ಅಂಥ ಚಿತ್ರ ಇಟ್ಟುಕೊಳ್ಳುವುದು, ಹಂಚುವುದು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಮತ್ತು ಐಟಿ ಕಾಯ್ದೆಯ 67ಬಿ ಅಡಿ ನಿಮ್ಮ ಮೇಲೇ ಬರಬಹುದು. ಚಿತ್ರ ಯಾವ ಫೋನಿನಲ್ಲಿದೆಯೋ ಅದನ್ನು ಹಾಗೆಯೇ ಪೊಲೀಸರಿಗೆ ಒಪ್ಪಿಸಿ. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ದೂರು ಕೊಡಲೇಬೇಕು. ‘ಶಾಲೆಯ ಮರ್ಯಾದೆ’ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ರಾಜಿ ಮಾಡಿಸುವಂತಿಲ್ಲ. ಮಗುವಿನ ಹೆಸರು ಎಲ್ಲೂ ಹೊರಬರಬಾರದು. ಮಕ್ಕಳ ಸಹಾಯವಾಣಿ 1098. 18ರೊಳಗಿನವರ ಚಿತ್ರಗಳನ್ನು ದೊಡ್ಡ ತಾಣಗಳಿಂದ ತೆಗೆಸಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ; ಅದಕ್ಕೆ ಚಿತ್ರ ಕಳಿಸಬೇಕಿಲ್ಲ, ಫೋನಿನಲ್ಲೇ ಚಿತ್ರದ ಒಂದು ಸಂಕೇತ ತಯಾರಾಗಿ ಅದಷ್ಟೇ ಹೋಗುತ್ತದೆ.

ಮೊದಲ ಮಾತು ‘ನೀನ್ಯಾಕೆ ಕಳಿಸಿದೆ’ ಎಂದಾಗಬಾರದು. ಆ ಪ್ರಶ್ನೆ ಕೇಳಿದರೆ ಮುಂದಿನ ಮಗು ನಿಮ್ಮ ಬಳಿ ಬರುವುದೇ ಇಲ್ಲ.

ಹೆಜ್ಜೆ 11: ವರ್ಗಾವಣೆ, ಹಳೆಯ ಯಂತ್ರ

ಚಾರ್ಜ್ ಪಟ್ಟಿಯಲ್ಲಿ ಬೀರು, ಬೆಂಚುಗಳ ಜೊತೆ ಖಾತೆಗಳೂ ಇರಲಿ. ಹೊಸಬರು ಬಂದ ದಿನವೇ ಪಾಸ್‌ವರ್ಡ್‌ಗಳು ಬದಲಾಗಲಿ, ನೋಂದಾಯಿತ ಮೊಬೈಲ್ ಸಂಖ್ಯೆ ಬದಲಿಸಲು ಅರ್ಜಿ ಹೋಗಲಿ, ಹೋದವರು ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ ಸ್ಥಾನ ಬಿಡಲಿ.

ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಹಾರ್ಡ್ ಡಿಸ್ಕಿನಲ್ಲಿರುವುದನ್ನು ಪೂರ್ತಿ ಅಳಿಸಿ. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಕಡತಗಳನ್ನು ಮತ್ತೆ ಎತ್ತಬಹುದು. ಡಿಸ್ಕ್ ಓಡುತ್ತಿದ್ದರೆ ವಿಂಡೋಸಿನ ರೀಸೆಟ್‌ನಲ್ಲಿ ‘ಕ್ಲೀನ್ ಡೇಟಾ’ ಆರಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಡಬೇಡಿ, ಕರೆಂಟ್ ಇರುವ ಹಗಲಿನಲ್ಲಿ ಮಾಡಿ. ಓಡದಿದ್ದರೆ ಡಿಸ್ಕ್ ಬಿಚ್ಚಿಕೊಂಡು, ದಾಸ್ತಾನು ಪುಸ್ತಕದಲ್ಲಿ ಬರೆದು, ಇಬ್ಬರ ಎದುರಿಗೆ ಡ್ರಿಲ್‌ನಿಂದ ಮೂರ್ನಾಲ್ಕು ಕಡೆ ತೂತು ಹೊಡೆಸಿ, ಆಮೇಲೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟು ರಸೀದಿ ಪಡೆಯಿರಿ.